ಹಾಳೆಯಲ್ಲಿ ಬರೆಯಲು ಬಾರದ ಹದ

ಮೊದಲ ದಿನ ಕ್ಲಾಸಿಗೆ ಬಂದವರ ಕೈಗೆ ನಾನು ಸೂಜಿ ಕೊಡುವುದಿಲ್ಲ. ತಟ್ಟೆಗೆ ವೆಲ್ವೆಟ್ ಬಟ್ಟೆ ಹಾಸಿ, ಎರಡು ಚಮಚ ಮಣಿ ಸುರಿದು, ‘ಅಕ್ಕಿ ಆರಿಸಿದ ಹಾಗೆ ಆರಿಸಿ’ ಅನ್ನುತ್ತೇನೆ. ಕೆಲವರ ಮುಖ ಸಪ್ಪಗಾಗುತ್ತದೆ. ದುಡ್ಡು ಕೊಟ್ಟು ಬಂದಿದ್ದು ಇದಕ್ಕಾ ಅಂತ. ಆದರೆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವರೇ ಹೇಳಲು ಶುರು ಮಾಡುತ್ತಾರೆ: ‘ಮೇಡಂ, ಇದು ದಪ್ಪ. ಇದು ತೆಳು. ಇದಕ್ಕೆ ತೂತೇ ಇಲ್ಲ.’ ಅಲ್ಲಿಗೆ ಮೊದಲ ಪಾಠ ಮುಗಿಯಿತು. ಸಾಸಿವೆ ಕಾಳಿನಷ್ಟಿರುವ ಗಾಜಿನ ಮಣಿಗಳಲ್ಲಿ ಎರಡು ಒಂದೇ ಥರ ಇರುವುದಿಲ್ಲ ಅಂತ ಕಣ್ಣಿಗೆ ಗೊತ್ತಾಗಬೇಕು. ದಪ್ಪ ಮಣಿ ಬೇರೆ ಡಬ್ಬಿಗೆ, ತೆಳು ಮಣಿ ಬೇರೆ ಡಬ್ಬಿಗೆ. ಎಸೆಯುವುದು ಬೇಡ. ತಿರುವಿನಲ್ಲಿ ಒಳಗಡೆಗೆ ತೆಳು ಮಣಿ, ಹೊರಗಡೆಗೆ ದಪ್ಪ ಮಣಿ ಬೇಕಾಗುತ್ತದೆ.

ಮಣಿ ಹೆಣೆಯುವುದನ್ನು ಕಲಿಸುವುದು, ಅದಕ್ಕೆ ಹೊಸ ವಿನ್ಯಾಸ ಮಾಡುವುದು, ಎರಡೂ ನನ್ನ ಕೆಲಸ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಅನ್ನಿಸುತ್ತದೆ. ಒಳಗೆ ದಿನಾ ಜಗಳ. ವಿನ್ಯಾಸ ಮಾಡುವವಳು ಎಲ್ಲವನ್ನೂ ಲೆಕ್ಕದಲ್ಲಿ ಹೇಳಬಹುದು ಅಂದುಕೊಂಡಿರುತ್ತಾಳೆ. ಕಲಿಸುವವಳಿಗೆ ಅದು ಸುಳ್ಳು ಅಂತ ಗೊತ್ತು.

ಲೆಕ್ಕವನ್ನೇ ಮೊದಲು ಹೇಳಿಬಿಡುತ್ತೇನೆ. ಮಣಿಯ ಅಳತೆ ಉಲ್ಟಾ ಓದಬೇಕು. 8ಕ್ಕಿಂತ 11 ಚಿಕ್ಕದು, 11ಕ್ಕಿಂತ 15 ಚಿಕ್ಕದು. ಸೂಜಿಯೂ ಹಾಗೆಯೇ, 10ಕ್ಕಿಂತ 12 ತೆಳು. ಜಪಾನಿನ ಮಿಯುಕಿ ಕಂಪನಿಯ ಡೆಲಿಕಾ ಅನ್ನುವ ಮಣಿ ಇದೆ. 11ರ ಅಳತೆಯದು ಸುಮಾರು 1.6 ಮಿಲಿಮೀಟರ್ ದಪ್ಪ, 1.3 ಮಿಲಿಮೀಟರ್ ಉದ್ದ, ಪುಟ್ಟ ಕೊಳವೆಯ ಹಾಗೆ. ಒಂದು ಗ್ರಾಮಿಗೆ ಹೆಚ್ಚು ಕಡಿಮೆ 200 ಮಣಿ ಬರುತ್ತವೆ. ಕೈಗೆ ಕಟ್ಟುವ 16 ಸೆಂಟಿಮೀಟರ್ ಉದ್ದದ ಪಟ್ಟಿಗೆ ಅಗಲಕ್ಕೆ 24 ಮಣಿ ಇಟ್ಟರೆ, ಉದ್ದಕ್ಕೆ 100 ಬೇಕು. ಒಟ್ಟು 2,400 ಮಣಿ, 12 ಗ್ರಾಂ. ಅಗಲ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಬಣ್ಣ ನೋಡಿಕೊಂಡು ಹಾಕುವಾಗ ನನ್ನ ಕೈ ನಿಮಿಷಕ್ಕೆ ಆರು ಮಣಿ ಓಡುತ್ತದೆ. ಅಂದರೆ ಬಿಡದೆ ಕೂತರೆ ಆರೇಳು ತಾಸು. ಹೊಸಬರಿಗೆ ಅದರ ಮೂರರಷ್ಟು.

‘ಇಷ್ಟು ಮಣಿಗೆ ಅಷ್ಟು ರೇಟಾ?’ ಅಂತ ಕೇಳುವವರು ಆ 12 ಗ್ರಾಮನ್ನು ತೂಗುತ್ತಿರುತ್ತಾರೆ. ಮುಂಚೆ ವಾದ ಮಾಡುತ್ತಿದ್ದೆ. ಈಗ ಸುಮ್ನೆ ಸೂಜಿ ದಾರ ಕೊಟ್ಟು ಎರಡು ಸಾಲು ಹಾಕಿ ನೋಡಿ ಅನ್ನುತ್ತೇನೆ. ಕೆಲವರು ಕೇಳಿದ ರೇಟು ಕೊಟ್ಟು ಹೋಗಿದ್ದಾರೆ. ಇಬ್ಬರು ಕ್ಲಾಸಿಗೆ ಸೇರಿಕೊಂಡಿದ್ದಾರೆ.

ಇನ್ನು ಲೆಕ್ಕಕ್ಕೆ ಸಿಗದ ವಿಷಯ. ಅದು ದಾರದ ಬಿಗಿ. ನಾನು ಮೊದಲು ಕಲಿಸುವುದು ಪೆಯೋಟಿ ಅನ್ನುವ ಹೆಣಿಗೆ. 24 ಮಣಿ ಪೋಣಿಸಿಕೊಳ್ಳಬೇಕು. ವಾಪಸ್ ಬರುವಾಗ ಹೊಸ ಮಣಿ ಒಂದನ್ನು ಎತ್ತಿ, ಹಳೆಯದೊಂದನ್ನು ಬಿಟ್ಟು, ಅದರಾಚೆಯದರೊಳಗೆ ಸೂಜಿ ಹಾಯಿಸಬೇಕು. ಹೀಗೆ ಮಾಡುತ್ತಾ ಹೋದರೆ ಮೊದಲು ಪೋಣಿಸಿದ ಸಾಲೇ ಎರಡು ಸಾಲಾಗಿ ಒಡೆಯುತ್ತದೆ. ಒಂದು ಮಣಿ ಮೇಲೆ, ಒಂದು ಕೆಳಗೆ. ಇಟ್ಟಿಗೆ ಗೋಡೆಯನ್ನು ಅಡ್ಡ ಮಲಗಿಸಿದ ಹಾಗೆ. ವಾಪಸ್ ಬರುವಾಗ ಹಾಕುವ ಈ ಮೂರನೇ ಸಾಲೇ ಎಲ್ಲರ ಕಣ್ಣಲ್ಲಿ ನೀರು ತರಿಸುವುದು. ಮಣಿಗಳು ಹಾವಿನ ಹಾಗೆ ತಿರುಚಿಕೊಳ್ಳುತ್ತವೆ. ಯಾವುದು ಮೇಲೆ, ಯಾವುದು ಕೆಳಗೆ ತಿಳಿಯುವುದಿಲ್ಲ. ಐದನೇ ಸಾಲಿಗೆ ಬಂದರೆ ತಾನಾಗಿ ಸರಿಹೋಗುತ್ತದೆ. ಅಲ್ಲಿವರೆಗೆ ಎದ್ದು ಹೋಗದಂತೆ ಕೂರಿಸುವುದೇ ನನ್ನ ಕೆಲಸ. ಆ ಹೊತ್ತಿಗೆ ಸರಿಯಾಗಿ ಕಾಫಿ ಕೊಡುತ್ತೇನೆ.

ದಾರ ಜಾಸ್ತಿ ಎಳೆದರೆ ಪಟ್ಟಿ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುದುಡಿಕೊಳ್ಳುತ್ತದೆ. ಕಡಿಮೆ ಎಳೆದರೆ ಹಳೇ ಮಂಚದ ನವಾರಿನ ಹಾಗೆ ಜೋಲುತ್ತದೆ, ಮಣಿಗಳ ನಡುವೆ ದಾರ ಇಣುಕುತ್ತದೆ. ಎಷ್ಟು ಎಳೆಯಬೇಕು? ಇಷ್ಟೇ ಅಂತ ಹೇಳಲು ಅಳತೆಯಿಲ್ಲ. ಸಕ್ಕರೆ ಪಾಕ ಒಂದೆಳೆಗೆ ಬಂತೋ ಇಲ್ಲವೋ ಅಂತ ಬೆರಳ ನಡುವೆ ನೋಡುತ್ತೇವಲ್ಲ, ಹಾಗೆ. ಹದ ಅಂದರೆ ಕನ್ನಡದವರಿಗೆ ಇನ್ನೇನೂ ವಿವರಿಸಬೇಕಿಲ್ಲ. ಮಣಿ ತನ್ನ ಜಾಗಕ್ಕೆ ಹೋಗಿ ಕೂತಾಗ ಬೆರಳಿಗೆ ಒಂದು ಸಣ್ಣ ‘ಟಿಕ್’ ಸಿಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ದಾರವನ್ನು ನಿಮ್ಮ ಎದೆಯ ಕಡೆಗೆ ಎಳೆಯದೆ, ಹೆಣೆಯುತ್ತಿರುವ ದಿಕ್ಕಿಗೇ ಎಳೆಯಬೇಕು. ಇಷ್ಟನ್ನು ಹಾಳೆಯಲ್ಲಿ ಬರೆಯಬಹುದು. ಆ ‘ಟಿಕ್’ ಮಾತ್ರ ಪಕ್ಕದಲ್ಲಿ ಕೂತು ಅವರ ಬೆರಳು ಹಿಡಿದೇ ತೋರಿಸಬೇಕು.

ದಾರದ ಉದ್ದಕ್ಕೆ ನಮ್ಮಲ್ಲಿ ಒಳ್ಳೆಯ ಅಳತೆ ಇದೆ. ಒಂದು ಮಾರು. ಎರಡು ಕೈ ಚಾಚಿದಷ್ಟು. ಅದಕ್ಕಿಂತ ಉದ್ದ ತೆಗೆದುಕೊಂಡರೆ ಗಂಟು ಬಿಡಿಸುವುದರಲ್ಲೇ ಸಂಜೆಯಾಗುತ್ತದೆ. ಮಧ್ಯೆ ದಾರ ಮುಗಿದು ಹೊಸದು ಸೇರಿಸುವುದಕ್ಕೆ ಹೆದರಿ ಎರಡು ಮಾರು ತೆಗೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ನಾನು ಏನೂ ಅನ್ನುವುದಿಲ್ಲ. ಮುಂದಿನ ವಾರ ಅವರೇ ಕತ್ತರಿಸಿಕೊಂಡು ಬರುತ್ತಾರೆ. ಇನ್ನು ದಾರ ಯಾವುದು ಅಂತ ಕೇಳಿದರೆ, ಇವತ್ತು ತುಂಬ ಜನ ಬಳಸುವ ಫೈರ್‌ಲೈನ್ ಮೂಲದಲ್ಲಿ ಮೀನು ಹಿಡಿಯುವ ದಾರ. ಗಾಜಿನ ಅಂಚಿಗೆ ಸುಲಭಕ್ಕೆ ಕುಯ್ಯುವುದಿಲ್ಲ. ಬ್ಯೂಗಲ್ ಅನ್ನುವ ಉದ್ದ ಕೊಳವೆ ಮಣಿಯ ಬಾಯಿ ಮಾತ್ರ ಯಾವ ದಾರವನ್ನೂ ಬಿಡುವುದಿಲ್ಲ. ಅದರ ಎರಡೂ ತುದಿಗೆ ಒಂದೊಂದು ಸಣ್ಣ ಮಣಿ ಕಾವಲಿಗೆ ಹಾಕಿ.

ಹಳೇ ಪೇಟೆಗಳಲ್ಲಿ ಚಿನ್ನದಂಗಡಿ ಮುಂದೆ ಕೂತು ಕರಿಮಣಿ ಸರ ಪೋಣಿಸಿಕೊಡುವವರನ್ನು ನೋಡಿದ್ದೀರಲ್ವಾ? ದಾರದ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿರುತ್ತಾರೆ. ಕಾಲೇ ಅವರ ಮೂರನೇ ಕೈ. ಬಿಗಿ ಎಷ್ಟಿರಬೇಕು ಅನ್ನುವುದು ಆ ಹೆಬ್ಬೆರಳಿಗೆ ಗೊತ್ತು. ನನ್ನ ಕ್ಲಾಸಿನಲ್ಲಿ ಕುರ್ಚಿ ಮೇಜು ಇರುವುದರಿಂದ ಆ ಅನುಕೂಲ ಹೋಯಿತು. ಅದಕ್ಕೇ ಎಡಗೈಯ ಕಿರುಬೆರಳಿಗೆ ದಾರ ಒಂದು ಸುತ್ತು ಸುತ್ತಿಕೊಳ್ಳಲು ಹೇಳುತ್ತೇನೆ.

ಈಗ ನನ್ನದೇ ತಪ್ಪಿನ ಕತೆ. ಒಂದು ಪದಕದ ವಿನ್ಯಾಸ ಮಾಡಿ, ಚಿತ್ರ ಬರೆದು, ಕನ್ನಡದಲ್ಲಿ ಸಾಲುಸಾಲಾಗಿ ವಿವರ ಬರೆದು ಎಂಟು ಜನರಿಗೆ ಹಂಚಿದೆ. ಐದನೇ ಸಾಲಿನಲ್ಲಿ ಆರು ಜನ ಸಿಕ್ಕಿಹಾಕಿಕೊಂಡರು. ನನಗೆ ಸಿಟ್ಟು. ಇಷ್ಟು ಸ್ಪಷ್ಟವಾಗಿ ಬರೆದಿದ್ದೀನಲ್ಲ! ಹಾಳೆಯಲ್ಲಿದ್ದದ್ದು ‘ಮುಂದಿನ ಮಣಿಯೊಳಗೆ ಸೂಜಿ ಹಾಯಿಸಿ’. ಒಬ್ಬೊಬ್ಬರ ಹತ್ತಿರ ಹೋಗಿ ನೋಡಿದೆ. ಕೆಲವರು ‘ಮುಂದಿನ’ ಅಂದರೆ ಸಾಲಿನಲ್ಲಿ ನಂತರ ಬರುವ ಮಣಿ ಅಂದುಕೊಂಡಿದ್ದರು. ಇನ್ನು ಕೆಲವರು ‘ಮುಂದಿನ’ ಅಂದರೆ ನಮ್ಮ ಎದುರಿಗೆ, ಮುಂಭಾಗದಲ್ಲಿ ಕಾಣುವ ಮಣಿ ಅಂದುಕೊಂಡಿದ್ದರು. ಪದಕಕ್ಕೆ ಹಿಂದೆ ಮುಂದೆ ಎರಡು ಪದರ ಇತ್ತು. ಕನ್ನಡದಲ್ಲಿ ಎರಡೂ ಸರಿಯೇ. ಆರು ಜನರ ಕೈ ತಪ್ಪಿರಲಿಲ್ಲ. ನನ್ನ ಪದ ತಪ್ಪಿತ್ತು.

ಆಮೇಲಿಂದ ಹಾಳೆ ಬರೆಯುವಾಗ ಪದ ಹುಡುಕುವುದೇ ದೊಡ್ಡ ಕೆಲಸವಾಯಿತು. ಪುಸ್ತಕ, ವಿಡಿಯೋ ಎಲ್ಲ ಇಂಗ್ಲಿಷಿನಲ್ಲಿರುವುದರಿಂದ ಹೆಸರುಗಳೂ ಹಾಗೇ ಬಂದಿವೆ. ಇರಲಿ, ಪೆಯೋಟಿಯನ್ನು ಪೆಯೋಟಿ ಅಂತಲೇ ಕರೆಯುತ್ತೇನೆ. ಆದರೆ ಕೈಗೆ ಹೇಳುವ ಮಾತು ಮನೆಯದೇ ಆಗಬೇಕು. ಮೊದಲ ಮಣಿ ಜಾರದಂತೆ ಕಟ್ಟುವುದು ಕಾವಲು ಮಣಿ. ಮೇಲೆ ಎದ್ದು ನಿಂತ ಮಣಿಗಳು ಹಲ್ಲು, ನಡುವಿನ ಖಾಲಿ ಜಾಗ ಸಂದಿ. ‘ಹಲ್ಲಿಗೆ ಸೂಜಿ, ಸಂದಿಗೆ ಮಣಿ’ ಅಂದರೆ ಸಾಕು, ಅರವತ್ತೈದು ದಾಟಿದವರೂ ಗೊಣಗಿಕೊಳ್ಳುತ್ತಾ ಸಾಲು ಮುಗಿಸುತ್ತಾರೆ. ದುಂಡಗೆ ಹೆಣೆಯುವಾಗ ಸುತ್ತು ಮುಗಿದಲ್ಲಿ ಒಂದು ಮಣಿ ಮೇಲಕ್ಕೆ ಹೋಗಬೇಕು. ಅದಕ್ಕೆ ‘ಮೆಟ್ಟಿಲು ಹತ್ತಿ’ ಅನ್ನುತ್ತೇವೆ. ಎಡಗೈಯವರಿಗೆ ಚಿತ್ರವನ್ನು ಮೊಬೈಲಿನಲ್ಲಿ ಮಗುಚಿ ಕೊಡುತ್ತೇನೆ. ಬಲಗೈ ಚಿತ್ರ ನೋಡಿಕೊಂಡು ಒದ್ದಾಡುತ್ತಾ ‘ನನಗೆ ತಲೆ ಇಲ್ಲ’ ಅಂದುಕೊಂಡವರನ್ನು ತುಂಬ ನೋಡಿದ್ದೇನೆ.

ಸಾಲು ತಪ್ಪಿದರೆ ಬಿಚ್ಚಲೇಬೇಕು. ಬಿಚ್ಚುವಾಗ ಸೂಜಿಯನ್ನು ಬಂದ ದಾರಿಯಲ್ಲೇ ವಾಪಸ್ ಹಾಯಿಸಬೇಡಿ, ದಾರದ ಎಳೆಯನ್ನೇ ಚುಚ್ಚಿಬಿಡುತ್ತದೆ. ಸೂಜಿ ತೆಗೆದು ದಾರ ಎಳೆಯಿರಿ. ಒಂದೇ ಒಂದು ಮಣಿ ಜಾಸ್ತಿಯಾಗಿದ್ದರೆ ಅದನ್ನು ಒಡೆದೂ ತೆಗೆಯಬಹುದು. ಇಕ್ಕಳದಲ್ಲಿ ಹೊರಗಿನಿಂದ ಅಮುಕಿದರೆ ಚೂರು ಒಳಕ್ಕೆ ಹೋಗಿ ದಾರ ಕುಯ್ಯುತ್ತದೆ. ದಪ್ಪ ಸೂಜಿಯನ್ನು ತೂತಿನೊಳಗೆ ನಿಧಾನ ತೂರಿಸಿ, ಒಳಗಿನಿಂದ ಹೊರಕ್ಕೆ ಒಡೆಯಬೇಕು. ಕನ್ನಡಕ ಹಾಕಿಕೊಂಡು. ಇದನ್ನು ಮೂರು ಸಲ ಹೇಳುತ್ತೇನೆ.

ವಿನ್ಯಾಸದ ಕೆಲಸದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಕಸೂತಿ. ಧಾರವಾಡದ ಕಡೆಯ ಒಬ್ಬರು ಕ್ಲಾಸಿಗೆ ಬಂದರು. ಚಿಕ್ಕಂದಿನಿಂದ ಇಳಕಲ್ ಸೀರೆ ಮೇಲೆ ಕಸೂತಿ ಹಾಕಿದ ಕೈ. ಎಲ್ಲರೂ ಒದ್ದಾಡುವ ಮೂರನೇ ಸಾಲನ್ನು ಕಾಲು ಗಂಟೆಯಲ್ಲಿ ದಾಟಿದರು. ಹೇಗೆ ಅಂತ ಕೇಳಿದೆ. ‘ಇದು ಗವಂತಿನೇ ಅಲ್ರೀ ಅಕ್ಕಾರ? ಹೋಗುವಾಗ ಬಿಟ್ಟದ್ದನ್ನ ಬರುವಾಗ ತುಂಬೂದು.’ ಹೌದು! ಗವಂತಿ ಅನ್ನುವ ಕಸೂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗಕ್ಕೆ ಹೊಲಿಗೆ. ಪೆಯೋಟಿಯಲ್ಲೂ ಒಂದು ಸಾಲು ಬಿಟ್ಟ ಸಂದಿಯನ್ನು ಇನ್ನೊಂದು ಸಾಲು ತುಂಬುತ್ತದೆ. ಇಷ್ಟು ವರ್ಷ ಕಲಿಸಿದ ನನಗೆ ಇದು ಹೊಳೆದಿರಲಿಲ್ಲ. ಕಸೂತಿಯವರು ಬಟ್ಟೆ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾರೆ. ಎಣಿಕೆ ಅವರ ಬೆರಳಲ್ಲೇ ಇರುತ್ತದೆ.

ಇಬ್ಬರೂ ಸೇರಿ ಕಸೂತಿಯ ಗೋಪುರ, ಆನೆ, ತುಳಸಿಕಟ್ಟೆಯನ್ನು ಮಣಿಗೆ ಇಳಿಸಲು ಕೂತೆವು. ಮೊದಲ ಆನೆ ಒಂಟೆಯಾಯಿತು. ಸಾದಾ ಗ್ರಾಫ್ ಹಾಳೆಯ ಮನೆ ಚೌಕ. ಡೆಲಿಕಾ ಮಣಿ ಚೌಕವಲ್ಲ. 24 ಅಗಲ, 24 ಎತ್ತರದ ಚಿತ್ರ ಮಣಿಯಲ್ಲಿ 31 ಮಿಲಿಮೀಟರ್ ಅಗಲ, 38 ಮಿಲಿಮೀಟರ್ ಎತ್ತರವಾಗುತ್ತದೆ. ಆನೆ ಬಡಕಲಾಗದೆ ಇನ್ನೇನು? ಎತ್ತರಕ್ಕೆ ಐದರಲ್ಲಿ ಒಂದು ಮಣಿ ಕಡಿಮೆ ಮಾಡಿದ ಮೇಲೆ ಆನೆ ಆನೆಯ ಹಾಗೆ ಕಂಡಿತು. ಎರಡನೆಯ ತೊಂದರೆ ಗೆರೆಯದು. ಪೆಯೋಟಿಯಲ್ಲಿ ಪಕ್ಕದ ಮಣಿ ಅರ್ಧ ಮಣಿಯಷ್ಟು ಮೇಲೆ ಕೆಳಗೆ ಇರುವುದರಿಂದ ಅಡ್ಡ ಗೆರೆ ನೆಟ್ಟಗೆ ಬರುವುದಿಲ್ಲ, ಗರಗಸದ ಹಲ್ಲಾಗುತ್ತದೆ. ಓರೆ ಗೆರೆ ಮಾತ್ರ ಬಲು ಚೆಂದ. ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿ ಹೊಲಿಗೆಯ ಚಿತ್ರಗಳನ್ನು ಪೆಯೋಟಿಗೆ ಇಟ್ಟುಕೊಂಡೆವು. ಗವಂತಿಯ ನೆಟ್ಟ ಗೆರೆಯ ಚಿತ್ರಗಳನ್ನು ಪುಟ್ಟ ಮಣಿ ಮಗ್ಗಕ್ಕೆ ಹಾಕಿದೆವು. ಮಗ್ಗದಲ್ಲಿ ಮಣಿಗಳು ಸಾಲಾಗಿ, ಒಂದರ ಪಕ್ಕ ಒಂದು ಕೂರುತ್ತವೆ.

ಹೆಸರು ಬರೆದುಕೊಡಿ ಅನ್ನುವವರೂ ಬರುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಏಳು ಸಾಲು ಸಾಕು. ಕನ್ನಡದ ಅಕ್ಷರ ದುಂಡಗೆ, ಮೇಲೆ ತಲೆಕಟ್ಟು, ಕೆಳಗೆ ಒತ್ತು. ಕಡಿಮೆಯೆಂದರೂ ಹದಿನೈದು ಸಾಲು. ‘ರಮ’ ಆದರೆ ಖುಷಿ. ‘ಲಕ್ಷ್ಮೀ’ ಅಂದರೆ ಎದೆ ಝಲ್ಲೆನ್ನುತ್ತದೆ. ಆದರೂ ಬೇಡ ಅಂದಿಲ್ಲ. ಪಟ್ಟಿ ಅಗಲವಾಗುತ್ತದೆ, ರೇಟು ಜಾಸ್ತಿಯಾಗುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಬಣ್ಣದ ವಿಷಯದಲ್ಲಿ ಒಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದೇನೆ. ಮದುವೆಯೊಂದಕ್ಕೆ ಚಿನ್ನದ ಬಣ್ಣದ ಮಣಿಯಲ್ಲಿ ವಂಕಿ ಹೆಣೆದುಕೊಟ್ಟೆ. ಕೆಲವು ತಿಂಗಳಾದ ಮೇಲೆ ಫೋಟೋ ಬಂತು: ‘ಮೇಡಂ, ಇದು ಬೆಳ್ಳಿ ಆಗ್ತಾ ಇದೆ.’ ಕರಾವಳಿಯ ಸೆಕೆ, ಬೆವರು. ಮೇಲಿನ ಲೇಪ ಹೋಗಿ ಒಳಗಿನ ಬೂದು ಗಾಜು ಕಂಡಿತ್ತು. ಅಂಗಡಿಯವರು ಬಣ್ಣ ಹೋಗುವುದಿಲ್ಲ ಅಂದಿದ್ದರು, ನಾನೂ ಪರೀಕ್ಷೆ ಮಾಡದೆ ನಂಬಿದ್ದೆ. ಹೊಸದಾಗಿ ಹೆಣೆದುಕೊಟ್ಟೆ, ಆ ತಿಂಗಳ ಸಂಪಾದನೆ ಅದಕ್ಕೇ ಹೋಯಿತು. ಈಗ ಯಾವ ಹೊಸ ಬಣ್ಣ ಬಂದರೂ ಮೂರು ಪರೀಕ್ಷೆ. ಒಂದು ಎಳೆಯ ಅರ್ಧಕ್ಕೆ ಕಾಗದ ಸುತ್ತಿ ಎರಡು ವಾರ ಬಿಸಿಲಿನ ಕಿಟಕಿಯಲ್ಲಿ ಇಡುತ್ತೇನೆ. ಇನ್ನೊಂದನ್ನು ನೈಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ಉಜ್ಜುತ್ತೇನೆ. ಮೂರನೆಯದನ್ನು ಕೈಗೆ ಕಟ್ಟಿಕೊಂಡು ಒಂದು ವಾರ ಪಾತ್ರೆ ತೊಳೆಯುತ್ತೇನೆ. ಗಾಜಿನದೇ ಬಣ್ಣವಿರುವ ಮಣಿ ಮೂರರಲ್ಲೂ ಪಾಸಾಗುತ್ತದೆ. ಗುಲಾಬಿ, ನೇರಳೆ ಬಣ್ಣ ಹಚ್ಚಿದ ಮಣಿಗಳು ಕಿಟಕಿಯಲ್ಲೇ ಫೇಲಾಗುವುದು ಜಾಸ್ತಿ.

ಈಜಿಪ್ಟಿನ ಗೀಜಾದ ಒಂದು ಸಮಾಧಿಯಲ್ಲಿ ಸಿಕ್ಕ ಮಣಿ ಬಲೆಯ ಉಡುಪೊಂದು ಅಮೆರಿಕದ ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ. ಸುಮಾರು 4,500 ವರ್ಷ ಹಳೆಯದು, ಸುಮಾರು 7,000 ಮಣಿ. ಸಿಕ್ಕಾಗ ದಾರವೆಲ್ಲ ಹೋಗಿತ್ತು. ಆದರೆ ಕೆಲವು ಮಣಿಗಳು ಬಿದ್ದ ಜಾಗದಲ್ಲೇ, ಹೆಣಿಗೆಯ ಸಾಲಿನಲ್ಲೇ ಇದ್ದವು. ಅದನ್ನು ನೋಡಿಕೊಂಡೇ ಉಡುಪನ್ನು ಮತ್ತೆ ಪೋಣಿಸಿದರು. ಹೊಸ ಬ್ಯಾಚಿಗೆ ಆ ಫೋಟೋ ತೋರಿಸುತ್ತೇನೆ. ಒಮ್ಮೆ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿ ಕೇಳಿದರು: ‘ಮಣಿ ಎಲ್ಲಿತ್ತು ಅಂತ ಗೊತ್ತಾಯಿತಮ್ಮ, ಸರಿ. ಎಷ್ಟು ಬಿಗಿಯಾಗಿ ಎಳೆದಿದ್ದಳು ಅಂತ ಹೇಗೆ ಗೊತ್ತಾಯಿತು?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪದಕದ ಹಾಳೆಯನ್ನು ತಿದ್ದಿದೆ. ‘ಮುಂದಿನ’ ಅನ್ನುವುದನ್ನು ಎಲ್ಲ ಕಡೆ ತೆಗೆದು, ಒಂದು ಕಡೆ ‘ನಂತರದ’, ಇನ್ನೊಂದು ಕಡೆ ‘ಎದುರು ಪದರದ’ ಅಂತ ಮಾಡಿದೆ. ಹೋದ ಶನಿವಾರ ಎಂಟೂ ಜನ ಐದನೇ ಸಾಲನ್ನು ಸಲೀಸಾಗಿ ದಾಟಿದರು. ಒಂಬತ್ತನೇ ಸಾಲಿನಲ್ಲಿ ನಾಲ್ಕು ಜನ ನಿಂತರು. ಅಲ್ಲಿ ‘ತಿರುಗಿಸಿ’ ಅಂತ ಬರೆದಿದ್ದೆ. ಇಬ್ಬರು ಪದಕವನ್ನು ತಿರುಗಿಸಿದ್ದರು, ಇಬ್ಬರು ಸೂಜಿಯನ್ನು.