ಪಾರಿವಾಳದ ಮೂಗಿನಲ್ಲಿ ಕಂಡ ಹುಳ: ಹೇನಾ, ನುಸಿಯಾ?

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರ. ಮನೆ ಮೇಲೆ ಪಾರಿವಾಳ ಸಾಕಿದ್ದೇವೆ. ಒಂದು ಸತ್ತಾಗ ಅದರ ಮೂಗಿನ ಹೊಳ್ಳೆಯಲ್ಲಿ ಸಣ್ಣ ಕಪ್ಪು ಹುಳಗಳು ಕಂಡವು. ಹಕ್ಕಿಯ ಮೂಗಿನೊಳಗೇ ಬದುಕುವ ನುಸಿ ಅಂತ ಒಂದಿದೆಯಂತೆ. ಇವು ಅವೇನಾ? ಹೇಗೆ ಗುರುತಿಸೋದು?

ಉತ್ತರ: ಇರಬಹುದು. ಆದರೆ ಮೂಗಿನ ಹತ್ತಿರ ಕಂಡಿತು ಅಂದಮಾತ್ರಕ್ಕೆ ಹಾಗೆ ಹೇಳಲು ಬರುವುದಿಲ್ಲ. ಗೂಡಿನಲ್ಲಿದ್ದು ಮೈಮೇಲೆ ಹತ್ತಿ ರಕ್ತ ಹೀರುವ ನುಸಿಗಳೂ ಕೊಕ್ಕಿನ ಸುತ್ತ ಹರಿದಾಡುತ್ತವೆ.

ಮೊದಲು ಕಾಲು ಎಣಿಸಿ. ಚಪ್ಪಟೆ ಮೈ, ಆರು ಕಾಲು ಇದ್ದರೆ ಹೇನು. ಬೆಳೆದ ನುಸಿಗೆ ಎಂಟು ಕಾಲು. ಮರಿನುಸಿಗೆ ಮಾತ್ರ ಆರು, ಹಾಗಾಗಿ ನಾಲ್ಕಾರು ಹುಳ ನೋಡಿ. ನಿಮ್ಮ ಕಡೆ ನುಸಿ ಅಂದರೆ ತೆಂಗಿನ ನುಸಿಯೇ ನೆನಪಾಗುವುದು, ಅಲ್ವಾ? ಅದು ಬರಿಗಣ್ಣಿಗೆ ಕಾಣದು, ಅದಕ್ಕೆ ನಾಲ್ಕೇ ಕಾಲು. ಮೂಗಿನ ನುಸಿ ಅರ್ಧದಿಂದ ಒಂದು ಮಿ.ಮೀ. ಆಸುಪಾಸು ಇರುತ್ತದೆ, ಚುಕ್ಕೆಯಾಗಿ ಕಾಣುತ್ತದೆ.

ಇನ್ನು ಗೂಡಿನ ನುಸಿಯೋ ಮೂಗಿನದೋ ಅನ್ನುವುದು. ಗೂಡಿನದು ಚುರುಕು, ಸರಸರ ಓಡುತ್ತದೆ. ರೈನೋನಿಸಿಡೇ ಕುಟುಂಬದ ಮೂಗಿನ ನುಸಿ ನಿಧಾನಿ, ಮೈ ಮೆತ್ತಗೆ, ಕೂದಲು ಕಡಿಮೆ. ನಿಜವಾದ ಗುರುತು ಸೂಕ್ಷ್ಮದರ್ಶಕದಲ್ಲೇ ಸಿಗುವುದು. ನುಸಿಯ ಎರಡೂ ಪಕ್ಕ ಒಂದೊಂದು ಉಸಿರಿನ ರಂಧ್ರ ಇರುತ್ತದೆ. ಗೂಡಿನ ನುಸಿಯಲ್ಲಿ ಆ ರಂಧ್ರದಿಂದ ಮುಂದಕ್ಕೆ ಉದ್ದನೆಯ ಗೀರು ಹೋಗುತ್ತದೆ. ಮೂಗಿನ ನುಸಿಯಲ್ಲಿ ಆ ಗೀರು ಮೋಟು, ಇಲ್ಲವೇ ಇಲ್ಲದೆಯೂ ಇರಬಹುದು. ರಂಧ್ರವೂ ಬೆನ್ನಿನ ಕಡೆ ಸರಿದಿರುತ್ತದೆ. ಈ ಕುಟುಂಬದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಪಾರಿವಾಳದಲ್ಲಿ ಸಿಗುವುದು ಟಿನಾಮಿನಿಸಸ್ ಗುಂಪಿನವು. ಜಾತಿ ಹೇಳಬೇಕಾದರೆ ಬೆನ್ನಿನ ಫಲಕಗಳ ಆಕಾರ, ಕೂದಲಿನ ಜಾಗ ಎಲ್ಲ ನೋಡಬೇಕು. ಅದು ಪರಿಣತರ ಕೆಲಸ.

ನೀವು ಮಾಡಬಹುದಾದದ್ದು ಮಾದರಿ ಕೂಡಿಡುವುದು. ಹಲವು ಹಕ್ಕಿಗಳು ಒಟ್ಟಿಗೆ ಸತ್ತರೆ ಮಾತ್ರ ಮುಟ್ಟಲೇಬೇಡಿ. ಹಕ್ಕಿಜ್ವರವೂ ಇರಬಹುದು, ಪಶು ಆಸ್ಪತ್ರೆಗೆ ತಿಳಿಸಿ. ಒಂದೇ ಸತ್ತಿದ್ದರೆ ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ. ಸೂಜಿ ತೆಗೆದ ಸಿರಿಂಜಿನಿಂದ ಒಂದು ಹೊಳ್ಳೆಗೆ ಬಿಡಿ, ಹೊರಬಂದ ನೀರನ್ನು ಬಿಳಿ ತಟ್ಟೆಯಲ್ಲಿ ಹಿಡಿಯಿರಿ. ನುಸಿಯನ್ನು ಒದ್ದೆ ಬ್ರಶ್ ತುದಿಯಿಂದ ಎತ್ತಿ 70% ಸ್ಪಿರಿಟ್ ಇರುವ ಸೀಸೆಗೆ ಹಾಕಿ. ಹಕ್ಕಿ, ಊರು, ತಾರೀಖು, ಮೂಗಿನ ಒಳಗೋ ಹೊರಗೋ ಎಂದು ಚೀಟಿಯಲ್ಲಿ ಬರೆದು ಒಳಗೇ ಹಾಕಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗುತ್ತದೆ. ಆಮೇಲೆ ಪಶು ವೈದ್ಯರ ಮೂಲಕ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಪರೋಪಜೀವಿ ವಿಭಾಗವನ್ನು ಕೇಳಬಹುದು.

ನಿಮ್ಮ ಪಾರಿವಾಳ ಇದರಿಂದಲೇ ಸತ್ತಿತು ಅಂದುಕೊಳ್ಳಬೇಡಿ. ಮೂಗಿನ ನುಸಿ ಎಷ್ಟೋ ಹಕ್ಕಿಗಳಲ್ಲಿ ಹೆಚ್ಚು ತೊಂದರೆ ಕೊಡದೆ ಇರುತ್ತದೆ. ಸಾವಿಗೆ ಬೇರೆ ಕಾರಣ ಹುಡುಕಬೇಕು. ಫಿಂಚ್, ಕ್ಯಾನರಿಯಂಥ ಪುಟ್ಟ ಹಕ್ಕಿ ಸಾಕುವವರ ಕಥೆಯೇ ಬೇರೆ. 1948ರಲ್ಲಿ ಲಾರೆನ್ಸ್ ಎಂಬ ವಿಜ್ಞಾನಿ ವಿವರಿಸಿದ, ಇದೇ ಕುಟುಂಬದ ಸ್ಟರ್ನೊಸ್ಟೋಮಾ ಟ್ರೇಕಿಯಾಕೋಲಮ್ ಎಂಬ ನುಸಿ ಈ ಹಕ್ಕಿಗಳ ಶ್ವಾಸನಾಳ, ಗಾಳಿಚೀಲಗಳಿಗೇ ಇಳಿಯುತ್ತದೆ. ಹಾಡು ನಿಲ್ಲುತ್ತದೆ, ಬಾಯಿ ತೆರೆದು ಉಸಿರಾಡುತ್ತವೆ, ಟಿಕ್ ಟಿಕ್ ಸದ್ದು ಬರುತ್ತದೆ, ಸಾಯಲೂಬಹುದು. ಕತ್ತಲೆಯಲ್ಲಿ ಕತ್ತಿನ ಗರಿ ಒದ್ದೆ ಮಾಡಿ ಹಿಂದಿನಿಂದ ಟಾರ್ಚ್ ಹಿಡಿದರೆ ನಾಳದಲ್ಲಿ ಕಪ್ಪು ಚುಕ್ಕೆಗಳು ಕಾಣಬಹುದು. ಇದಕ್ಕೆ ಔಷಧಿ ಇದೆ. ಆದರೆ ದನಕ್ಕೆ ತಂದ ಐವರ್ಮೆಕ್ಟಿನ್ ಅನ್ನು ಸುಮ್ನೆ ಅಂದಾಜಿನಲ್ಲಿ ಕೊಡಬೇಡಿ. 15 ಗ್ರಾಂ ತೂಗುವ ಹಕ್ಕಿಗೆ ಒಂದು ಹನಿ ಜಾಸ್ತಿಯಾದರೂ ಪ್ರಾಣಕ್ಕೇ ಕುತ್ತು. ಪ್ರಮಾಣವನ್ನು ವೈದ್ಯರೇ ತೂಕ ನೋಡಿ ಹೇಳಬೇಕು.