ಪದ ಪರಿಚಯ: ಅಣಕು ಚಿತ್ರ

ಒಬ್ಬರ ನಡಿಗೆ, ಮಾತಿನ ಧಾಟಿಯನ್ನು ಸ್ವಲ್ಪ ಜಾಸ್ತಿ ಮಾಡಿ ತೋರಿಸಿ ನಗಿಸುವುದಕ್ಕೆ ಅಣಕಿಸುವುದು ಅಂತೀವಿ. ಒಂದು ಸಿನಿಮಾ ಇನ್ನೊಂದು ಕಥೆಯನ್ನೋ ಸಿನಿಮಾವನ್ನೋ ಹೀಗೆ ಆಡಿಕೊಂಡರೆ ಅದು ಅಣಕು ಚಿತ್ರ. ಪ್ಯಾರಡಿ, ಸ್ಪೂಫ್ ಅನ್ನುವುದೂ ಇದನ್ನೇ. ಚುನಾವಣೆ ಹೊತ್ತಿನ ‘ಅಣಕು ಮತದಾನ’ದ ಅಣಕು ಮಾತ್ರ ಬೇರೆ. ಅಲ್ಲಿ ಗೇಲಿ ಇಲ್ಲ, ಸುಮ್ನೆ ತಾಲೀಮು.

ಅಣಕು ಚಿತ್ರಕ್ಕೆ ನಗು ಬರಬೇಕಾದರೆ ಮೂಲ ಕಥೆ ನೋಡುವವರಿಗೆ ಮೊದಲೇ ಗೊತ್ತಿರಬೇಕು. ಹಾಗಾಗಿ ಇಂಗ್ಲೆಂಡಿನ ಹಳೆಯ ಐತಿಹ್ಯಗಳು ಇದಕ್ಕೆ ಒಳ್ಳೆ ಸರಕು. ಶೆರ್ವುಡ್ ಕಾಡಿನ ಬಿಲ್ಲುಗಾರ ರಾಬಿನ್ ಹುಡ್‌ನನ್ನೇ ನೋಡಿ. ಅವನ ಮೇಲೆ ಲೆಕ್ಕವಿಲ್ಲದಷ್ಟು ಸಿನಿಮಾ ಬಂದಿವೆ. 1991ರಲ್ಲಿ ಅಮೆರಿಕದ ಕೆವಿನ್ ಕಾಸ್ಟ್ನರ್ ರಾಬಿನ್ ಆದಾಗ ಅವರ ಅಮೆರಿಕನ್ ಉಚ್ಚಾರಣೆ ನಗೆಪಾಟಲಾಯಿತು. ಎರಡೇ ವರ್ಷಕ್ಕೆ ಮೆಲ್ ಬ್ರೂಕ್ಸ್ ‘ರಾಬಿನ್ ಹುಡ್: ಮೆನ್ ಇನ್ ಟೈಟ್ಸ್’ ತೆಗೆದರು. ಅದರ ರಾಬಿನ್, ಬೇರೆ ಕೆಲವು ರಾಬಿನ್‌ಗಳ ಹಾಗಲ್ಲ, ನನಗೆ ಇಂಗ್ಲಿಷರ ಹಾಗೆ ಮಾತಾಡೋಕೆ ಬರುತ್ತೆ ಅಂತ ಜಂಬ ಕೊಚ್ಚುತ್ತಾನೆ! ಶುರುವಿನಲ್ಲೇ ಬೆಂಕಿ ಬಾಣಗಳು ಬಿದ್ದು ಗುಡಿಸಲು ಹೊತ್ತಿಕೊಳ್ಳುತ್ತವೆ. ರಾಬಿನ್ ಹುಡ್ ಸಿನಿಮಾ ಮಾಡಿದಾಗಲೆಲ್ಲ ನಮ್ಮ ಊರನ್ನೇ ಸುಡ್ತಾರೆ ಅಂತ ಹಳ್ಳಿಯವರ ಗೋಳು. ಬಿಲ್ಲುಗಾರಿಕೆ ಪಂದ್ಯದಲ್ಲಂತೂ ರಾಬಿನ್ ಸೋತೇ ಹೋಗುತ್ತಾನೆ. ಗಾಬರಿಯಾಗಿ ಸಿನಿಮಾದ ಸ್ಕ್ರಿಪ್ಟ್ ತೆಗೆದು ನೋಡಿದರೆ, ಅವನಿಗೆ ಇನ್ನೊಂದು ಬಾಣ ಬಾಕಿ ಇದೆ! ಇಲ್ಲಿ ಏಟು ಬೀಳುವುದು ಐತಿಹ್ಯಕ್ಕಿಂತ ಜಾಸ್ತಿ ಹಿಂದಿನ ಸಿನಿಮಾಗಳಿಗೆ, ಅಲ್ವಾ?

ಇಂಗ್ಲೆಂಡಿನ ಇನ್ನೊಂದು ಐತಿಹ್ಯದ ನಾಯಕ ಆರ್ಥರ್ ರಾಜನ ಮೇಲೆ ಮಾಂಟಿ ಪೈಥಾನ್ ಅನ್ನುವ ಹಾಸ್ಯ ತಂಡ ತೆಗೆದ ‘ಮಾಂಟಿ ಪೈಥಾನ್ ಅಂಡ್ ದಿ ಹೋಲಿ ಗ್ರೇಲ್’ (1975) ನೇರವಾಗಿ ಐತಿಹ್ಯಕ್ಕೇ ಕೈ ಹಾಕುತ್ತದೆ. ನನ್ನ ಮಟ್ಟಿಗೆ ಎರಡರಲ್ಲಿ ಇದೇ ಮೇಲು. ಕುದುರೆ ತರಿಸಲು ದುಡ್ಡಿರಲಿಲ್ಲ. ಹಾಗಾಗಿ ರಾಜ ಕುದುರೆ ಇಲ್ಲದೆಯೇ ಕುಪ್ಪಳಿಸುತ್ತಾನೆ, ಹಿಂದೆ ಆಳು ಎರಡು ತೆಂಗಿನ ಚಿಪ್ಪು ಬಡಿದು ಗೊರಸಿನ ಸದ್ದು ಮಾಡುತ್ತಾನೆ. ಕೋಟೆ ಕಾಯುವವನು ಅಷ್ಟಕ್ಕೇ ಬಿಡುವುದಿಲ್ಲ. ಈ ಚಳಿ ದೇಶಕ್ಕೆ ತೆಂಗಿನಕಾಯಿ ಎಲ್ಲಿಂದ ಬಂತು ಅಂತ ವಾದಕ್ಕೇ ನಿಲ್ಲುತ್ತಾನೆ. ಕೊನೆಗೆ ದೊಡ್ಡ ಯುದ್ಧ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಈಗಿನ ಕಾಲದ ಪೊಲೀಸರು ಕಾರಿನಲ್ಲಿ ಬಂದಿಳಿದು ರಾಜನನ್ನೇ ಹಿಡಿದುಕೊಂಡು ಹೋಗುತ್ತಾರೆ. ಒಬ್ಬ ಪೊಲೀಸ್ ಕ್ಯಾಮೆರಾಕ್ಕೂ ಕೈ ಅಡ್ಡ ಹಿಡಿಯುತ್ತಾನೆ. ಸಿನಿಮಾ ಅಲ್ಲಿಗೇ ನಿಂತುಬಿಡುತ್ತದೆ.