ತುಂಬಿದ ಜುಕಿನಿ: ಮೊದಲು ನೀರು ಇಳಿಸಿ, ಆಮೇಲೆ ಓವನ್ನಿಗಿಡಿ

ಮುಂಬಯಿಯ ನನ್ನ ಅಡುಗೆ ಕ್ಲಾಸಿಗೆ ಬರುವ ಕನ್ನಡದ ಹೆಂಗಸರಿಂದ ನಾನು ಪದೇ ಪದೇ ಕೇಳುವ ದೂರು ಒಂದಿದೆ. "ಮೇಡಂ, ಜುಕಿನಿ ತುಂಬಿ ಬೇಕ್ ಮಾಡಿದ್ರೆ ಟ್ರೇ ತುಂಬಾ ನೀರು. ಮೇಲೆ ಚೀಸ್ ಕೆಂಪಗಾಗಿರತ್ತೆ, ಕೆಳಗೆ ಕಾಯಿ ಮುದ್ದೆ." ರೆಸಿಪಿಯಲ್ಲಿ ತಪ್ಪಿರುವುದಿಲ್ಲ. ಓವನ್ ಕೂಡ ಸರಿಯಾಗೇ ಇರುತ್ತದೆ. ಕಾಯಿಯ ನೀರನ್ನು ಮೊದಲೇ ಇಳಿಸಿರುವುದಿಲ್ಲ, ಅಷ್ಟೇ.

ಜುಕಿನಿ ಕುಂಬಳದ ಬಳಗದ್ದು. ಬಲಿಯಲು ಬಿಡದೆ ಎಳೆಯದಿದ್ದಾಗಲೇ ಕೊಯ್ಯುತ್ತಾರೆ. ಅದಕ್ಕೇ ಸಿಪ್ಪೆ ತೆಳು, ಬೀಜ ಮೆತ್ತಗೆ, ಒಳಗೆ ಸುಮಾರು ಶೇ. 95 ಭಾಗ ನೀರೇ. 200 ಗ್ರಾಂ ಕಾಯಿ ತಂದರೆ ಹತ್ತಿರ ಹತ್ತಿರ ಒಂದು ಲೋಟ ನೀರು ತಂದಂತೆ. ಎಣ್ಣೆಗಾಯಿ ಮಾಡಿ ಪಳಗಿದ ಕೈಗೆ ಇಲ್ಲೇ ಎಡವಟ್ಟಾಗುವುದು. ಎಣ್ಣೆಗಾಯಿಯಲ್ಲಿ ಬದನೆ ಬಿಟ್ಟ ನೀರು ಮಸಾಲೆಗೆ ಸೇರಿ ಗೊಜ್ಜಾಗುತ್ತದೆ, ಅದೇ ಅದರ ರುಚಿ. ಓವನ್ನಿನಲ್ಲಿ ಗೊಜ್ಜಿಗೆ ಜಾಗವಿಲ್ಲ. ನೀರು ಇರುವವರೆಗೆ ಕಾಯಿ ಬೇಯುತ್ತದೆ, ಹುರಿದ ಪರಿಮಳ ಮಾತ್ರ ಬರುವುದಿಲ್ಲ.

ಕೊಳ್ಳುವಾಗ ದೊಡ್ಡದಕ್ಕೆ ಆಸೆ ಪಡಬೇಡಿ. ಮಾಟುಂಗಾ, ದಾದರ್ ಮಾರ್ಕೆಟ್ಟಿನಲ್ಲಿ ಹಸಿರು, ಹಳದಿ ಎರಡೂ ಸಿಗುತ್ತವೆ, ರುಚಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಒಂದು ಗೇಣಿಗಿಂತ ಚಿಕ್ಕದು, ಹೊಳಪಿರುವುದು, ಕೈಗೆ ಗಟ್ಟಿಯಾಗಿ ತೂಗುವುದು ಆರಿಸಿ. ಉಗುರು ತಾಗಿಸಿದರೆ ಸಿಪ್ಪೆ ಸುಲಭವಾಗಿ ಸೀಳಬೇಕು. ದಪ್ಪಗೆ ಬೆಳೆದದ್ದರ ನಡುವೆ ಸ್ಪಂಜಿನಂಥ ತಿರುಳು, ದೊಡ್ಡ ಬೀಜ. ತುಂಬಲು ಅದು ಬೇಡ.

ಮನೆಗೆ ತಂದ ಮೇಲೆ ಒಂದು ಚೂರು ಹಸಿಯಾಗೇ ಬಾಯಿಗೆ ಹಾಕಿ ನೋಡಿ. ಸೋರೆಕಾಯಿಗೆ ನಮ್ಮ ಅಮ್ಮ, ಅಜ್ಜಿ ಮಾಡುತ್ತಿದ್ದದ್ದೂ ಇದನ್ನೇ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಈ ಬಳಗದ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತು. ಅದು ಹೊಟ್ಟೆಗೆ ವಿಷ, ಬೇಯಿಸಿದರೂ ಹೋಗುವುದಿಲ್ಲ. ಉಪ್ಪು, ಹುಳಿ ಹಾಕಿ ಮುಚ್ಚಿಡುವ ಕಹಿ ಇದಲ್ಲ. ಈ ಮಾತಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ.

ಕಾಯಿಯನ್ನು ಉದ್ದಕ್ಕೆ ಸೀಳಿ. ಟೀ ಚಮಚದಿಂದ ತಿರುಳು ತೆಗೆಯಿರಿ, ಗೋಡೆ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪವೇ ಉಳಿಯಲಿ. ತೀರಾ ಕೆರೆದರೆ ದೋಣಿಯಂತಾದ ಕಾಯಿ ಕುಸಿಯುತ್ತದೆ. ಒಳಗೆ ಚಿಟಿಕೆ ಉಪ್ಪು ಸವರಿ ಸುಮ್ನೆ ಇಟ್ಟು ನೋಡಿ. ಐದೇ ನಿಮಿಷದಲ್ಲಿ ಒಳಗೋಡೆಯ ಮೇಲೆ ಸಣ್ಣ ಸಣ್ಣ ಹನಿ ಬೆವರಿದಂತೆ ಮೂಡುತ್ತವೆ, ಆಮೇಲೆ ಒಂದಕ್ಕೊಂದು ಸೇರಿ ಹರಿಯುತ್ತವೆ. ಉಪ್ಪು ಜೀವಕೋಶದೊಳಗಿನ ನೀರನ್ನು ಹೊರಗೆಳೆಯುವುದು ಹೀಗೆ. ಕಾಯಿಯನ್ನು ಬಟ್ಟೆಯ ಮೇಲೆ ಮಗುಚಿ ಇಪ್ಪತ್ತು ನಿಮಿಷ ಬಿಡಿ. ಒರೆಸಿ, ಎಣ್ಣೆ ಸವರಿ, ಮತ್ತೆ ಮಗುಚಿ ಟ್ರೇ ಮೇಲಿಟ್ಟು 200 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ ಖಾಲಿಯಾಗೇ ಬೇಕ್ ಮಾಡಿ. ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ನನ್ನ ಮಟ್ಟಿಗೆ ಇದಿಲ್ಲದೆ ಈ ಅಡುಗೆಯೇ ಇಲ್ಲ.

ಹೂರಣವೂ ಒಣಗಿರಬೇಕು. ನಾಲ್ಕು ಕಾಯಿಗೆ ಒಂದು ಈರುಳ್ಳಿ, 150 ಗ್ರಾಂ ಪನೀರ್ ಸಾಕು. ತೆಗೆದ ತಿರುಳನ್ನು ಕೊಚ್ಚಿ, ಹಿಂಡಿ, ಈರುಳ್ಳಿ, ಶುಂಠಿ, ಹಸಿಮೆಣಸಿನ ಜೊತೆ ಬಾಣಲೆಯಲ್ಲಿ ಹುರಿಯಿರಿ. ಬಾಣಲೆಯ ಚಟಪಟ ಸದ್ದು ಬದಲಾಗಿ ತಿರುಳು ತಳಕ್ಕೆ ಹಿಡಿಯಲು ಶುರುವಾದರೆ ನೀರು ಆರಿದೆ ಎಂದರ್ಥ. ಪುಡಿ ಮಾಡಿದ ಪನೀರ್, ಕಾಳುಮೆಣಸು, ಕೊತ್ತಂಬರಿ ಸೇರಿಸಿ. ಟೊಮ್ಯಾಟೊ ಬೇಕೇ ಬೇಕು ಎನ್ನುವವರು ಬೀಜ, ರಸ ತೆಗೆದು ಹಾಕಿ. ನಮ್ಮ ಮನೆಗಳಲ್ಲಿ ಸದಾ ಇರುವ ಹುರಿಗಡಲೆಯನ್ನು ಪುಡಿ ಮಾಡಿ ಎರಡು ದೊಡ್ಡ ಚಮಚ ಬೆರೆಸಿ, ಉಳಿದ ತೇವವನ್ನು ಅದು ಹೀರುತ್ತದೆ. ಬ್ರೆಡ್ ಪುಡಿಗಿಂತ ನನಗೆ ಇದರ ಪರಿಮಳವೇ ಇಷ್ಟ. ಬ್ರೆಡ್ ಪುಡಿಯೇ ಹಾಕುವುದಾದರೆ, ಮುಂಬಯಿ ಮಳೆಗಾಲದಲ್ಲಿ ಡಬ್ಬಿಯೊಳಗಿದ್ದರೂ ಅದು ಮೆತ್ತಗಾಗುತ್ತದೆ, ಮತ್ತೆ ಹುರಿದುಕೊಳ್ಳಿ. ಮೇಲಿನ ಮನೆಯ ಜೈನ ಸ್ನೇಹಿತರು ಊಟಕ್ಕೆ ಬರುವ ದಿನ ಈರುಳ್ಳಿ, ಶುಂಠಿ ಬಿಟ್ಟು ಹುರಿದ ಶೇಂಗಾ ಪುಡಿ, ಜೀರಿಗೆ ಹಾಕಿ. ಕಡಿಮೆಯಾಯಿತು ಅಂತ ಯಾರಿಗೂ ಅನಿಸುವುದಿಲ್ಲ. ಉಪ್ಪು ಕೊನೆಗೆ, ರುಚಿ ನೋಡಿಯೇ. ಕಾಯಿಯಲ್ಲಿ ಸ್ವಲ್ಪ ಇದೆ, ಚೀಸಿನಲ್ಲಿ ಜಾಸ್ತಿ ಇದೆ.

ಹೂರಣವನ್ನು ಅದುಮದೆ ತುಂಬಿ, ಮೇಲೆ ಚೀಸ್ ತುರಿದು, ಕಾಯಿಗಳ ನಡುವೆ ಬೆರಳಗಲ ಜಾಗ ಬಿಟ್ಟು 200 ಡಿಗ್ರಿಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ. ಮುಚ್ಚಬೇಡಿ. ಓಟಿಜಿ (ಓವನ್-ಟೋಸ್ಟರ್-ಗ್ರಿಲ್ಲರ್) ಇದ್ದರೆ ಕೊನೆಯ ಮೂರು ನಿಮಿಷ ಮೇಲಿನ ರಾಡ್ ಮಾತ್ರ ಹಾಕಿ, ಮುಂದೆಯೇ ನಿಂತಿರಿ.

ನಮ್ಮ ಸಣ್ಣ ಫ್ಲ್ಯಾಟುಗಳಲ್ಲಿ ಹಲವರ ಬಳಿ ಇರುವುದು ಮೈಕ್ರೋವೇವ್. ಅದರಲ್ಲಿ ಕನ್ವೆಕ್ಷನ್, ಅಂದರೆ ಬಿಸಿ ಗಾಳಿ ಸುತ್ತಿಸಿ ಬೇಯಿಸುವ ಬಟನ್ ಇದ್ದರೆ ಚಿಂತೆಯಿಲ್ಲ, ಖಾಲಿ ಓವನ್ ಪೂರ್ತಿ ಬಿಸಿಯಾಗುವವರೆಗೆ ಕಾಯಿರಿ. ಬರೀ ಮೈಕ್ರೋದಲ್ಲಿ ಬೇಡ. ಅದು ಕಾಯಿಯೊಳಗಿನ ನೀರನ್ನೇ ಕಾಯಿಸುತ್ತದೆ, ಸಿಗುವುದು ಬೆಂದ ಪಲ್ಯ. ಏರ್ ಫ್ರೈಯರಿನಲ್ಲಿ 180 ಡಿಗ್ರಿಗೆ ಹನ್ನೆರಡು ನಿಮಿಷದಲ್ಲಿ ಚೆನ್ನಾಗಿ ಆಗುತ್ತದೆ, ಫ್ಯಾನಿನ ಗಾಳಿ ತೇವವನ್ನು ಹೊತ್ತೊಯ್ಯುತ್ತದೆ. ಇದಾವುದೂ ಇಲ್ಲವೇ? ದಪ್ಪ ತಳದ ಕಾವಲಿಯ ಮೇಲೆ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿಡಿ. ಮುಚ್ಚಳವನ್ನು ಓರೆಯಾಗಿಟ್ಟು ಹಬೆ ಹೋಗಲು ದಾರಿ ಬಿಡಿ. ಮೇಲೆ ಕೆಂಪಗಾಗುವುದಿಲ್ಲ, ಆದರೆ ತಳ ಗರಿಯಾಗಿ ರುಚಿಯಾಗಿರುತ್ತದೆ.

ಓವನ್ನಿನಿಂದ ತೆಗೆದ ಕೂಡಲೇ ಬಡಿಸಬೇಡಿ. ಹತ್ತು ನಿಮಿಷ ಜಾಲರಿಯ ಮೇಲಿಟ್ಟರೆ ಹೂರಣ ಕೂಡಿಕೊಳ್ಳುತ್ತದೆ, ಕತ್ತರಿಸಿದರೆ ಚೆದುರುವುದಿಲ್ಲ. ಉಳಿದದ್ದನ್ನು ಮರುದಿನ ಕಾವಲಿಯ ಮೇಲೆ ಬಿಸಿ ಮಾಡಿ, ಹೆಚ್ಚಿ, ಚಪಾತಿಯಲ್ಲಿ ಸುತ್ತಿ ಆಫೀಸಿನ ಡಬ್ಬಿಗೆ ಹಾಕಬಹುದು.